ಹತ್ತು ಶಿಲಿಂಗಿನ ಸಿಂಹ



ಪಾಶ್ಚಾತ್ಯ ಪಾಪ್ ಸಂಗೀತದ ಪರಿಚಯ ಅಷ್ಟಾಗಿ ಇಲ್ಲದವರೂ ಒಂದು ಹಾಡನ್ನು ಎಲ್ಲೋ ಒಂದು ಕಡೆ ಕೇಳಿರುವ ಸಾಧ್ಯತೆ ಇದೆ. 1994ರಲ್ಲಿ ಬಂದ ‘ದಿ ಲಯನ್ ಕಿಂಗ್’ ಎಂಬ ಕಾರ್ಟೂನ್ ಚಲನಚಿತ್ರವನ್ನು ಮಕ್ಕಳೊಡನೆ ಕುಳಿತು ನೋಡಿದವರಿಗಂತೂ ಅದರ ರಾಗ ನೆನಪಿರುತ್ತದೆ. ಮುಂಗುಸಿಯ ಕುಲದ ಒಂದು ಪುಟ್ಟ ಪ್ರಾಣಿ ಮತ್ತು ಒಂದು ಕಾಡುಹಂದಿ ಸೇರಿ ಅದನ್ನು ಹಾಡುತ್ತವೆ. ಹಾಡಿನ ಹೆಸರು ‘ದಿ ಲಯನ್ ಸ್ಲೀಪ್ಸ್ ಟುನೈಟ್’. ಸಿಂಹ ಈ ರಾತ್ರಿ ಮಲಗಿದೆ ಎಂದು ಅರ್ಥ. ಮಾತು ಬಹಳ ಸರಳ, ರಾಗ ಇನ್ನೂ ಸರಳ. ಒಮ್ಮೆ ಕೇಳಿದರೆ ಸಾಕು, ದಿನವೆಲ್ಲ ಬಾಯಲ್ಲಿ ಉಳಿಯುತ್ತದೆ.

ಈ ಹಾಡನ್ನು ಜಗತ್ತಿಗೆಲ್ಲ ಹಬ್ಬಿಸಿದವರು ನ್ಯೂಯಾರ್ಕಿನ ಬ್ರೂಕ್ಲಿನ್ ಬಡಾವಣೆಯ ‘ದಿ ಟೋಕನ್ಸ್’ ಎಂಬ ಗಾಯಕ ತಂಡದವರು. 1961ರ ಡಿಸೆಂಬರ್ 18ರ ವಾರ ಅವರ ಧ್ವನಿಮುದ್ರಿಕೆ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮೂರು ವಾರ ಅಲ್ಲಿಯೇ ನಿಂತಿತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ಆ ವಾರಗಳಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ನಗರದ ಕರಿಯರ ಬಡಾವಣೆಯೊಂದರಲ್ಲಿ ಮೂತ್ರಪಿಂಡದ ರೋಗದಿಂದ ನರಳುತ್ತಿದ್ದ ಒಬ್ಬ ವ್ಯಕ್ತಿ ಇದ್ದ. ಹೆಸರು ಸಾಲೊಮನ್ ಲಿಂಡಾ. ಆ ರಾಗ ಹುಟ್ಟಿದ್ದು ಅವನ ಕಂಠದಲ್ಲಿ. ಹಾಡಿನ ಯಶಸ್ಸಿನ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಒಂದು ಹಾಡು ಎಷ್ಟು ಮಾರಾಟವಾಯಿತು ಎಂಬುದನ್ನು ಲೆಕ್ಕ ಹಾಕಲು ಬಲ್ಲ ಜಗತ್ತು, ಅದನ್ನು ಮಾಡಿದವರು ಯಾರು ಎಂಬುದನ್ನು ಏಕೆ ಮರೆಯುತ್ತದೆ? ಇಂದಿನ ಮಾತಿನ ವಿಷಯ ಇದೇ.

ಮೊದಲು ಈ ‘ಪಟ್ಟಿ’ ಎಂದರೇನು ಎಂಬುದನ್ನು ತಿಳಿಯೋಣ. ನಮ್ಮಲ್ಲಿ 1952ರಿಂದ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿ ನಡೆಸಿಕೊಡುತ್ತಿದ್ದ ‘ಬಿನಾಕಾ ಗೀತಮಾಲಾ’ ಹಿರಿಯರಿಗೆ ನೆನಪಿರುತ್ತದೆ. ಈ ವಾರ ಯಾವ ಹಾಡು ಯಾವ ಮೆಟ್ಟಿಲಿನಲ್ಲಿದೆ ಎಂದು ತಿಳಿಯಲು ಜನ ಕಾದು ಕೂರುತ್ತಿದ್ದರು. ಅಮೆರಿಕದಲ್ಲಿ ಈ ಕೆಲಸವನ್ನು ಮುಖ್ಯವಾಗಿ ಮಾಡುತ್ತಿದ್ದುದು ‘ಬಿಲ್‌ಬೋರ್ಡ್’ ಎಂಬ ವ್ಯಾಪಾರಿ ವಾರಪತ್ರಿಕೆ. 1958ರ ಆಗಸ್ಟಿನಲ್ಲಿ ಅದು ‘ಹಾಟ್ 100’ ಎಂಬ ನೂರು ಹಾಡುಗಳ ಪಟ್ಟಿಯನ್ನು ಆರಂಭಿಸಿತು. ಯಾವ ತಟ್ಟೆ ಹೆಚ್ಚು ಹೋಗುತ್ತಿದೆ ಎಂದು ಆಯ್ದ ಅಂಗಡಿಗಳನ್ನು ಕೇಳುವುದು, ಯಾವ ಹಾಡನ್ನು ಹೆಚ್ಚು ಹಾಕುತ್ತಿದ್ದೀರಿ ಎಂದು ರೇಡಿಯೋ ಕೇಂದ್ರಗಳನ್ನು ಕೇಳುವುದು, ಎರಡನ್ನೂ ಕೂಡಿಸಿ ಅಂಕ ಕೊಡುವುದು, ಇದು ಆಗಿನ ಪದ್ಧತಿ. ಅಂಗಡಿಯಲ್ಲಿ ಮಾರಾಟವಾದ ಒಂದೊಂದು ಪ್ರತಿಯನ್ನೂ ಯಂತ್ರದಿಂದ ಎಣಿಸುವ ವ್ಯವಸ್ಥೆ ಈ ಪಟ್ಟಿಗೆ ಬಂದದ್ದು 1991ರಲ್ಲಿ.

ಪಟ್ಟಿಗೆ ಏರುತ್ತಿದ್ದ ಸರಕು ಎಂದರೆ ‘ಸಿಂಗಲ್’. ನಿಮಿಷಕ್ಕೆ 45 ಸುತ್ತು ತಿರುಗುವ, ಏಳು ಅಂಗುಲದ ಚಿಕ್ಕ ತಟ್ಟೆ. ಆರ್‌ಸಿಎ ವಿಕ್ಟರ್ ಕಂಪನಿ 1949ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಒಂದೊಂದು ಬದಿಗೆ ಒಂದು ಹಾಡು. ಕಂಪನಿ ನೆಚ್ಚಿಕೊಂಡ ಹಾಡು ಮೇಲಿನ ಬದಿಯಲ್ಲಿ, ಮಿಕ್ಕಿದ್ದು ಹಿಂಬದಿಯಲ್ಲಿ. ಬೆಲೆ ಕಡಿಮೆಯಾದ್ದರಿಂದ ಶಾಲಾ ಕಾಲೇಜುಗಳ ಹುಡುಗ ಹುಡುಗಿಯರೂ ಕೈಖರ್ಚಿನ ಹಣದಲ್ಲಿ ಕೊಳ್ಳಬಹುದಿತ್ತು. ಪಾಪ್ ಸಂಗೀತ ಒಂದು ದೊಡ್ಡ ಉದ್ಯಮವಾಗಿ ಬೆಳೆದದ್ದರಲ್ಲಿ ಈ ಪುಟ್ಟ ತಟ್ಟೆಯ ಪಾತ್ರ ದೊಡ್ಡದು.

ಈಗ ಹಾಡಿನ ಹುಟ್ಟಿಗೆ ಹೋಗೋಣ. ಸಾಲೊಮನ್ ಲಿಂಡಾ ಹುಟ್ಟಿದ್ದು 1909ರಲ್ಲಿ, ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತದ ಪೊಮೆರಾಯ್ ಎಂಬ ಊರಿನ ಸಮೀಪ. ಜುಲು ಜನಾಂಗದವನು. ಬಾಲ್ಯದಲ್ಲಿ ದನ ಕಾಯುತ್ತಿದ್ದ. ಮಿಷನರಿ ಶಾಲೆಯಲ್ಲಿ ಚರ್ಚಿನ ಸಾಮೂಹಿಕ ಗಾಯನವನ್ನು ಕೇಳಿ ಕಲಿತ. ಮದುವೆ ಹಬ್ಬಗಳಲ್ಲಿ ತನ್ನ ಜನರ ಹಾಡುಗಳನ್ನು ಹಾಡಿದ. 1931ರಲ್ಲಿ, ಆ ಸೀಮೆಯ ಸಾವಿರಾರು ಯುವಕರಂತೆ, ಕೂಲಿ ಹುಡುಕಿಕೊಂಡು ಚಿನ್ನದ ಗಣಿಗಳ ನಗರವಾದ ಜೋಹಾನ್ಸ್‌ಬರ್ಗ್ ಸೇರಿದ. ದುಡಿಯಲು ಬಂದ ಕರಿಯರಿಗೆ ಅಲ್ಲಿ ಹಾಸ್ಟೆಲುಗಳೆಂಬ ದೊಡ್ಡ ವಠಾರಗಳಿದ್ದವು. ಊರು ಮನೆ ಬಿಟ್ಟುಬಂದ ಗಂಡಸರು ವಾರಾಂತ್ಯದ ರಾತ್ರಿಗಳಲ್ಲಿ ತಂಡ ಕಟ್ಟಿಕೊಂಡು ಹಾಡುತ್ತಿದ್ದರು. ತಂಡತಂಡಗಳ ನಡುವೆ ಸ್ಪರ್ಧೆಗಳು ನಡೆಯುತ್ತಿದ್ದವು.

ಲಿಂಡಾನ ತಂಡಕ್ಕೆ ‘ಈವನಿಂಗ್ ಬರ್ಡ್ಸ್’, ಸಂಜೆ ಹಕ್ಕಿಗಳು, ಎಂದು ಹೆಸರು. ಆರು ಜನರ ತಂಡ. ಒಂದೇ ಬಗೆಯ ಪಟ್ಟೆಪಟ್ಟೆ ಸೂಟು ತೊಟ್ಟು, ಮೆರುಗು ಕೊಟ್ಟ ಬೂಟು ಹಾಕಿ ಅವರು ವೇದಿಕೆಗೆ ಬರುತ್ತಿದ್ದರು. ಲಿಂಡಾ ಮಾಡಿದ ಹೊಸತನ ಸಂಗೀತದಲ್ಲಿಯೂ ಇತ್ತು. ಕೆಳದನಿಯಲ್ಲಿ ಒಬ್ಬರ ಬದಲು ಹಲವರನ್ನು ನಿಲ್ಲಿಸಿದ. ಅವರು ಒಂದೇ ಪದವನ್ನು ಗಾಣದಂತೆ ಸುತ್ತಿಸುತ್ತಾ ಹಾಡುತ್ತಿದ್ದರೆ, ಅದರ ಮೇಲೆ ಲಿಂಡಾ ಒಬ್ಬನೇ ಹೆಣ್ಣುದನಿಯಷ್ಟು ಎತ್ತರದ ಕಳ್ಳದನಿಯಲ್ಲಿ ಮನಬಂದಂತೆ ವಿಹರಿಸುತ್ತಿದ್ದ. ತಂಬೂರಿಯ ಶ್ರುತಿಯ ಮೇಲೆ ಗಾಯಕ ಆಲಾಪನೆ ಮಾಡುವುದನ್ನು ಕೇಳಿ ಬಲ್ಲ ನಮಗೆ ಈ ಏರ್ಪಾಡು ತೀರ ಅಪರಿಚಿತ ಎನಿಸದು. ವ್ಯತ್ಯಾಸವೆಂದರೆ ಇಲ್ಲಿ ಆಧಾರವಾಗಿ ನಿಂತದ್ದು ತಂತಿಗಳಲ್ಲ, ಮನುಷ್ಯರ ಕೊರಳುಗಳು.

ಹೊಟ್ಟೆಪಾಡಿಗೆ ಲಿಂಡಾ ಗ್ಯಾಲೊ ಎಂಬ ಧ್ವನಿಮುದ್ರಣ ಕಂಪನಿಯ ಕಾರ್ಖಾನೆಯಲ್ಲಿ ತಟ್ಟೆಗಳನ್ನು ಕಟ್ಟಿಡುವ ಕೆಲಸಕ್ಕೆ ಸೇರಿದ್ದ. ಆ ಕಂಪನಿಗೆ ಹೊಸ ಕಲಾವಿದರನ್ನು ಹುಡುಕಿಕೊಡುತ್ತಿದ್ದ ಗ್ರಿಫಿತ್ಸ್ ಮೋತ್ಸಿಯೆಲೋವಾ ಎಂಬಾತ ಈ ತಂಡವನ್ನು ಗುರುತಿಸಿದ. 1939ರಲ್ಲಿ ಜೋಹಾನ್ಸ್‌ಬರ್ಗಿನ ಗ್ಯಾಲೊ ಸ್ಟುಡಿಯೋದಲ್ಲಿ ತಂಡ ‘ಎಂಬೂಬೆ’ ಎಂಬ ಹಾಡನ್ನು ಹಾಡಿತು. ಜುಲು ಭಾಷೆಯಲ್ಲಿ ಎಂಬೂಬೆ ಎಂದರೆ ಸಿಂಹ. ದನ ಕಾಯುವ ದಿನಗಳಲ್ಲಿ ಕರುಗಳ ಮೇಲೆ ಬೀಳಲು ಬರುತ್ತಿದ್ದ ಸಿಂಹವನ್ನು ಓಡಿಸಿದ ನೆನಪು ಆ ಹಾಡಿನ ಹಿಂದಿದೆ ಎಂದು ಹೇಳುತ್ತಾರೆ. ಮೊದಲೆರಡು ಬಾರಿಯ ಮುದ್ರಣ ಮನಸ್ಸಿಗೆ ಬರಲಿಲ್ಲ. ಮೂರನೆಯ ಬಾರಿ ಹಾಡುವಾಗ, ಹಾಡು ಇನ್ನೇನು ಮುಗಿಯಬೇಕು ಎನ್ನುವ ಹೊತ್ತಿಗೆ, ಲಿಂಡಾ ಅಲ್ಲಿಯೇ ಹೊಳೆದ ಕೆಲವು ಸ್ವರಗಳನ್ನು ಹೊರಡಿಸಿದ. ಮುಂದೆ ಜಗತ್ತೆಲ್ಲ ಗುನುಗಿದ ರಾಗ ಆ ಕೆಲವು ಸ್ವರಗಳಿಂದ ಬೆಳೆದದ್ದು.

ದಕ್ಷಿಣ ಆಫ್ರಿಕಾದಲ್ಲಿ ಈ ತಟ್ಟೆ ಅಪಾರ ಜನಪ್ರಿಯವಾಯಿತು. 1940ರ ದಶಕ ಮುಗಿಯುವಷ್ಟರಲ್ಲಿ ಆಫ್ರಿಕಾದಲ್ಲಿ ಸುಮಾರು ಒಂದು ಲಕ್ಷ ಪ್ರತಿಗಳು ಮಾರಾಟವಾಗಿದ್ದವು. ಅಂಥ ಗಾಯನ ಶೈಲಿಗೇ ‘ಎಂಬೂಬೆ’ ಎಂದು ಹೆಸರು ಬಿತ್ತು. ಪಾಲ್ ಸೈಮನ್‌ನ 1986ರ ‘ಗ್ರೇಸ್‌ಲ್ಯಾಂಡ್’ ಧ್ವನಿಮುದ್ರಿಕೆಯಲ್ಲಿ ಹಾಡಿ ಲೋಕಪ್ರಸಿದ್ಧವಾದ ‘ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ’ ತಂಡ ಇದೇ ಪರಂಪರೆಯ ಕುಡಿ. ಇಷ್ಟೆಲ್ಲ ಆದರೂ ಹಾಡಿನ ಹಕ್ಕಿಗಾಗಿ ಲಿಂಡಾನ ಕೈಗೆ ಬಂದದ್ದು ಹತ್ತು ಶಿಲಿಂಗ್. ಅಂದರೆ ಅರ್ಧ ಪೌಂಡ್.

ಹಾಡು ಅಮೆರಿಕಕ್ಕೆ ಹೋದ ದಾರಿ ಸ್ವಾರಸ್ಯವಾಗಿದೆ. ಗ್ಯಾಲೊ ಕಂಪನಿಯ ಕೆಲವು ತಟ್ಟೆಗಳು ನ್ಯೂಯಾರ್ಕಿನ ಡೆಕ್ಕಾ ಕಂಪನಿಗೆ ಹೋಗಿದ್ದವು. ಅಲ್ಲಿ ಅವು ಯಾರಿಗೂ ಬೇಡದೆ ಮೂಲೆ ಸೇರಿದ್ದಾಗ, ಜನಪದ ಗೀತೆಗಳ ಪ್ರಸಿದ್ಧ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಕಂಡು, ತನ್ನ ಗೆಳೆಯನಾದ ಗಾಯಕ ಪೀಟ್ ಸೀಗರ್‌ಗೆ ಕೊಟ್ಟ. ಸೀಗರ್ ‘ಎಂಬೂಬೆ’ಯನ್ನು ಮತ್ತೆ ಮತ್ತೆ ಕೇಳಿ ಬರೆದುಕೊಂಡ. ಹಾಡಿನಲ್ಲಿ ತಿರುತಿರುಗಿ ಬರುತ್ತಿದ್ದ ಪದ ‘ಉಯಿಂಬೂಬೆ’, ನೀನು ಸಿಂಹ ಎಂದು ಅದರ ಅರ್ಥ. ತಟ್ಟೆಯ ಕರಕರ ಸದ್ದಿನ ನಡುವೆ ಸೀಗರ್‌ಗೆ ಅದು ‘ವಿಮೊವೆ’ ಎಂದು ಕೇಳಿಸಿತು. ಯಾವ ಭಾಷೆಯಲ್ಲಿಯೂ ಇಲ್ಲದ ಆ ಪದವೇ ಹಾಡಿನ ಹೆಸರಾಯಿತು. ಸೀಗರ್ ಇದ್ದ ‘ದಿ ವೀವರ್ಸ್’ ಎಂಬ ನಾಲ್ವರ ತಂಡ ವಾದ್ಯವೃಂದದೊಡನೆ ಹಾಡಿದ ‘ವಿಮೊವೆ’ 1952ರಲ್ಲಿ ಅಮೆರಿಕದ ಮೊದಲ ಇಪ್ಪತ್ತು ಹಾಡುಗಳಲ್ಲಿ ಸೇರಿತು. ಆದರೆ ಅದು ಕಮ್ಯುನಿಸ್ಟರ ಬೇಟೆಯ ಕಾಲ. ಎಡಪಂಥೀಯರೆಂಬ ಆರೋಪ ಹೊತ್ತ ವೀವರ್ಸ್ ತಂಡಕ್ಕೆ ರೇಡಿಯೋ, ಟೆಲಿವಿಷನ್, ಹೋಟೆಲುಗಳ ಬಾಗಿಲುಗಳೆಲ್ಲ ಮುಚ್ಚಿದವು. ತಂಡ ಕೆಲಕಾಲ ಚದುರಿಹೋಯಿತು. ಹಾಡು ಮಾತ್ರ ಬದುಕಿಕೊಂಡಿತು.

ಸೀಗರ್ ಕೆಟ್ಟ ಮನುಷ್ಯನಲ್ಲ. ಬಡವರ, ಕರಿಯರ ಪರವಾಗಿ ಜೀವಮಾನವಿಡೀ ಹಾಡಿದವನು. ಆದರೂ ಆತ ಒಂದು ತಪ್ಪು ತಿಳಿವಳಿಕೆಯಲ್ಲಿದ್ದ. ಇದು ಜುಲು ಜನರ ಪುರಾತನ ಜನಪದ ಗೀತೆ, ಅವರ ಪ್ರಾಚೀನ ದೊರೆ ಶಾಕಾ ಸತ್ತಿಲ್ಲ, ಸಿಂಹದಂತೆ ಮಲಗಿದ್ದಾನೆ ಎಂಬ ಐತಿಹ್ಯ ಇದರಲ್ಲಿದೆ ಎಂದು ಅವನು ವಿವರಿಸುತ್ತಿದ್ದ. ಜನಪದ ಗೀತೆಗೆ ಒಬ್ಬ ಕರ್ತೃ ಎಂಬುದಿಲ್ಲ. ಕರ್ತೃವಿಲ್ಲದ ಮೇಲೆ ಹಕ್ಕುದಾರನೂ ಇಲ್ಲ. ವೀವರ್ಸ್ ತಂಡದವರು ಜನಪದ ಹಾಡುಗಳನ್ನು ಹೊಂದಿಸಿಕೊಂಡಾಗ ‘ಪಾಲ್ ಕ್ಯಾಂಪ್‌ಬೆಲ್’ ಎಂಬ ಕಲ್ಪಿತ ಹೆಸರನ್ನು ಬಳಸುತ್ತಿದ್ದರು. ‘ವಿಮೊವೆ’ಯೂ ಆ ಹೆಸರಿನಲ್ಲಿ ದಾಖಲಾಯಿತು. ಇಲ್ಲದ ಮನುಷ್ಯನೊಬ್ಬನ ಹೆಸರು ಕಾಗದದ ಮೇಲೆ ಬಂತು. ಜೋಹಾನ್ಸ್‌ಬರ್ಗಿನಲ್ಲಿ ತಟ್ಟೆ ಕಟ್ಟುತ್ತಿದ್ದ, ಇರುವ ಮನುಷ್ಯನ ಹೆಸರು ಬರಲಿಲ್ಲ. ವಿಷಯ ತಿಳಿದ ಮೇಲೆ ತಾನು ಲಿಂಡಾನಿಗೆ ಸಾವಿರ ಡಾಲರ್ ಕಳುಹಿಸಿದ್ದಾಗಿಯೂ, ತನ್ನ ಪಾಲನ್ನು ಅವನಿಗೆ ಕೊಡುವಂತೆ ಪ್ರಕಾಶಕರಿಗೆ ಹೇಳಿದ್ದಾಗಿಯೂ ಸೀಗರ್ ಮುಂದೆ ಹೇಳಿದ್ದುಂಟು. ಆದರೆ ಹಣ ಕ್ರಮವಾಗಿ ತಲುಪುತ್ತಿದೆಯೇ ಎಂದು ವಿಚಾರಿಸುವವರು ಯಾರೂ ಇರಲಿಲ್ಲ.

ಇನ್ನು ಟೋಕನ್ಸ್ ತಂಡದ ವಿಚಾರ. ಇದು ಬ್ರೂಕ್ಲಿನ್ನಿನ ಅಬ್ರಹಾಂ ಲಿಂಕನ್ ಹೈಸ್ಕೂಲಿನ ಹುಡುಗರು 1955ರಲ್ಲಿ ಕಟ್ಟಿದ ತಂಡ. ಮುಂದೆ ದೊಡ್ಡ ಗಾಯಕನಾದ ನೀಲ್ ಸೆಡಾಕಾ ಆರಂಭದಲ್ಲಿ ಇದರಲ್ಲಿದ್ದ. 1961ರ ಹೊತ್ತಿಗೆ ತಂಡದಲ್ಲಿದ್ದವರು ಹ್ಯಾಂಕ್ ಮೆಡ್ರೆಸ್, ಜೇ ಸೀಗಲ್, ಹಾಗೂ ಫಿಲ್ ಮತ್ತು ಮಿಚ್ ಮಾರ್ಗೊ ಸಹೋದರರು. ಮಿಚ್ ಆಗಿನ್ನೂ ಹದಿಹರೆಯದ ಹುಡುಗ. ಆರ್‌ಸಿಎ ವಿಕ್ಟರ್ ಕಂಪನಿಯ ನಿರ್ಮಾಪಕರಾದ ಹ್ಯೂಗೊ ಪೆರೆಟಿ ಮತ್ತು ಲುಯಿಜಿ ಕ್ರಿಯೇಟೋರೆ ಅವರ ಮುಂದೆ ಪರೀಕ್ಷೆಗೆ ನಿಂತಾಗ ಈ ಹುಡುಗರು ವೀವರ್ಸ್ ತಂಡದ ‘ವಿಮೊವೆ’ಯನ್ನು ಹಾಡಿದರು. ನಿರ್ಮಾಪಕರಿಗೆ ರಾಗ ಹಿಡಿಸಿತು. ಆದರೆ ಅರ್ಥವಿಲ್ಲದ ಒಂದೇ ಪದವನ್ನು ಹಾಡುತ್ತಾ ಹೋದರೆ ಸಾಲದು, ಇಂಗ್ಲಿಷ್ ಸಾಹಿತ್ಯ ಬೇಕು ಎಂದರು. ಜಾರ್ಜ್ ಡೇವಿಡ್ ವೈಸ್ ಎಂಬ ನುರಿತ ಗೀತರಚನೆಕಾರ ಆ ಕೆಲಸ ಮಾಡಿಕೊಟ್ಟ. ಲಿಂಡಾ ತನ್ನ ಹಾಡಿನ ಕೊನೆಯಲ್ಲಿ ಹೊರಡಿಸಿದ್ದ ಸ್ವರಗಳಿಗೆ ಮಾತು ಕೂಡಿಸಿ ಅದನ್ನೇ ಹಾಡಿನ ಮುಖ್ಯ ರಾಗವಾಗಿ ಮುಂದಕ್ಕೆ ತಂದ. ಜೇ ಸೀಗಲ್ ಎತ್ತರದ ದನಿಯಲ್ಲಿ ಹಾಡಿದ. ಅನಿತಾ ಡೇರಿಯನ್ ಎಂಬ ಶಾಸ್ತ್ರೀಯ ಗಾಯಕಿಯ ದನಿಯನ್ನು ಹಿನ್ನೆಲೆಗೆ ಬಳಸಲಾಯಿತು.

ಹೀಗೆ ಸಿದ್ಧವಾದ ಹಾಡಿನ ಮೇಲೆ ಹಾಡಿದವರಿಗೇ ನಂಬಿಕೆ ಇರಲಿಲ್ಲ. ಸಿಂಹ, ಕಾಡು ಎಂದು ಹಾಡಿದರೆ ಗೆಳೆಯರು ನಕ್ಕಾರು ಎಂಬ ಸಂಕೋಚ ಆ ಹುಡುಗರದ್ದು. ಕಂಪನಿಯೂ ಅದನ್ನು ‘ಟೀನಾ’ ಎಂಬ ಇನ್ನೊಂದು ಹಾಡಿನ ಹಿಂಬದಿಗೆ ಹಾಕಿತು. ಆದರೆ ರೇಡಿಯೋದವರು ತಟ್ಟೆಯನ್ನು ತಿರುವಿ ಹಾಕಿದರು. ಕೇಳುಗರು ಅದನ್ನೇ ಮತ್ತೆ ಬೇಕೆಂದರು. ಮೂರು ನಿಮಿಷವೂ ತುಂಬದ ಆ ಹಿಂಬದಿಯ ಹಾಡು ಕೆಲವೇ ವಾರಗಳಲ್ಲಿ ಪಟ್ಟಿಯ ತುದಿಗೇರಿ ಕುಳಿತಿತು. ಅದು ಅಲ್ಲಿಗೇ ನಿಲ್ಲಲಿಲ್ಲ. 1962ರಲ್ಲಿ ಕಾರ್ಲ್ ಡೆನ್ವರ್ ಹಾಡಿದ ‘ವಿಮೊವೆ’ ಬ್ರಿಟನ್ನಿನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. 1972ರಲ್ಲಿ ರಾಬರ್ಟ್ ಜಾನ್ ಹಾಡಿದ್ದು ಅಮೆರಿಕದಲ್ಲಿ ಮೂರನೇ ಸ್ಥಾನ ಪಡೆಯಿತು. 1982ರಲ್ಲಿ ‘ಟೈಟ್ ಫಿಟ್’ ಎಂಬ ತಂಡದಿಂದ ಬ್ರಿಟನ್ನಿನಲ್ಲಿ ಮೊದಲ ಸ್ಥಾನವೂ ಸಿಕ್ಕಿತು. ಒಟ್ಟು ನೂರೈವತ್ತಕ್ಕೂ ಹೆಚ್ಚು ಕಲಾವಿದರು ಈ ಹಾಡನ್ನು ಹಾಡಿದ್ದಾರೆ.

ಇಲ್ಲಿ ಹಣದ ಲೆಕ್ಕವನ್ನು ಸ್ವಲ್ಪ ನೋಡಬೇಕು. ಇಲ್ಲದಿದ್ದರೆ ಹೆಸರು ಬಿಟ್ಟುಹೋದುದರ ಪರಿಣಾಮ ಅರ್ಥವಾಗುವುದಿಲ್ಲ. ಆಗಿನ ಅಮೆರಿಕದ ಕಾನೂನಿನ ಪ್ರಕಾರ ಮಾರಾಟವಾದ ಒಂದೊಂದು ತಟ್ಟೆಯ ಒಂದೊಂದು ಹಾಡಿಗೆ ಎರಡು ಸೆಂಟ್ ಗೌರವಧನ. 1909ರ ಕಾನೂನಿನಲ್ಲಿ ನಿಗದಿಯಾದ ಈ ದರ 1977ರವರೆಗೂ ಬದಲಾಗಲಿಲ್ಲ. ಅದನ್ನು ಹಾಡು ಬರೆದವರೂ ಪ್ರಕಾಶಕರೂ ಹಂಚಿಕೊಳ್ಳಬೇಕು. ಹತ್ತು ಲಕ್ಷ ತಟ್ಟೆ ಹೋದರೆ ಇಪ್ಪತ್ತು ಸಾವಿರ ಡಾಲರ್. ಇದು ದೊಡ್ಡದೇ; ಆದರೆ ನಿಜವಾದ ಫಸಲು ನಂತರದ್ದು. ಹಾಡು ರೇಡಿಯೋದಲ್ಲಿ ಬಂದಾಗಲೆಲ್ಲ, ಬೇರೊಬ್ಬರು ಹಾಡಿದಾಗಲೆಲ್ಲ, ಸಿನಿಮಾ ಜಾಹೀರಾತುಗಳಲ್ಲಿ ಬಳಸಿದಾಗಲೆಲ್ಲ ಅದರ ಕರ್ತೃವಿಗೆ ಮತ್ತು ಪ್ರಕಾಶಕರಿಗೆ ಹಣ ಸಲ್ಲುತ್ತದೆ. ಅಮೆರಿಕದ ರೇಡಿಯೋ ಕೇಂದ್ರಗಳು ಹಾಡಿದವರಿಗೆ ಹಣ ಕೊಡುವುದಿಲ್ಲ, ರಚಿಸಿದವರಿಗೆ ಕೊಡುತ್ತವೆ. ಆದ್ದರಿಂದ ತಟ್ಟೆಯ ಮಧ್ಯದ ಕಾಗದದ ಮೇಲೆ ಹಾಡಿನ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ ಅಚ್ಚಾಗುವ ಹೆಸರುಗಳು ಅಲಂಕಾರಕ್ಕಲ್ಲ. ಅವು ಜಮೀನಿನ ಪಹಣಿ ಇದ್ದಂತೆ. ಪಹಣಿಯಲ್ಲಿ ಯಾರ ಹೆಸರಿದೆಯೋ ಬೆಳೆ ಅವರದ್ದು. ಟೋಕನ್ಸ್ ತಟ್ಟೆಯ ಮೇಲೆ ವೈಸ್, ಪೆರೆಟಿ, ಕ್ರಿಯೇಟೋರೆ ಅವರ ಹೆಸರುಗಳಿದ್ದವು. ಲಿಂಡಾನ ಹೆಸರು ಇರಲಿಲ್ಲ.

ಆ ಮೂವರನ್ನು ಕೇವಲ ಕಳ್ಳರೆಂದು ಕರೆದು ಮುಗಿಸುವುದು ಸುಲಭ. ಅದು ಪೂರ್ತಿ ಸರಿಯಲ್ಲ. ಅದೇ 1961ರಲ್ಲಿ ಇದೇ ಮೂವರು ಎಲ್ವಿಸ್ ಪ್ರೀಸ್ಲಿಗಾಗಿ ‘ಕಾಂಟ್ ಹೆಲ್ಪ್ ಫಾಲಿಂಗ್ ಇನ್ ಲವ್’ ಎಂಬ ಹಾಡನ್ನು ಸಿದ್ಧಪಡಿಸಿದ್ದರು. ಅದರ ರಾಗಕ್ಕೆ ಆಧಾರ 18ನೇ ಶತಮಾನದ ಒಂದು ಫ್ರೆಂಚ್ ಹಾಡು. ಅದರ ಕರ್ತೃ ತೀರಿಹೋಗಿ ನೂರಕ್ಕೂ ಹೆಚ್ಚು ವರ್ಷಗಳಾಗಿದ್ದವು, ಕೃತಿಸ್ವಾಮ್ಯದ ಅವಧಿ ಎಂದೋ ಮುಗಿದಿತ್ತು. ಹಳೆಯ ರಾಗಕ್ಕೆ ಹೊಸ ಮಾತು ತೊಡಿಸಿ ತಮ್ಮ ಹೆಸರು ಹಾಕಿಕೊಳ್ಳುವುದು ಅವರಿಗೆ ನಿತ್ಯದ ಕಸುಬು, ಕಾನೂನಿಗೂ ಒಪ್ಪಿಗೆಯಾದದ್ದು. ಆಫ್ರಿಕಾದಿಂದ ಬಂದ ಹಾಡೂ ಅಂಥದ್ದೇ ಎಂದು ಅವರು ನಡೆದುಕೊಂಡರು. ಅವರ ಮಾತುಗಳಿಲ್ಲದೆ, ಆ ಜೋಡಣೆಯಿಲ್ಲದೆ ಹಾಡು ಪಟ್ಟಿಯ ತುದಿಗೆ ಏರುತ್ತಿರಲಿಲ್ಲ ಎಂಬುದೂ ನಿಜ. ಆದರೆ ಆ ಫ್ರೆಂಚ್ ಹಾಡಿಗೂ ‘ಎಂಬೂಬೆ’ಗೂ ಒಂದು ಮುಖ್ಯ ವ್ಯತ್ಯಾಸವಿತ್ತು. ‘ಎಂಬೂಬೆ’ಯ ಕರ್ತೃ ಬದುಕಿದ್ದ. ಅವನ ಹೆಸರು 1939ರ ಮೂಲ ತಟ್ಟೆಯೊಂದಿಗೇ ಬಂದಿತ್ತು. ಯುರೋಪಿನ ಹಾಡಾದರೆ ಯಾರದು ಎಂದು ಕೇಳುವ ಅಭ್ಯಾಸ ಉದ್ಯಮಕ್ಕಿತ್ತು. ಆಫ್ರಿಕಾದ ಹಾಡಾದರೆ ಕೇಳಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಅಲ್ಲಿ ಹಾಡುಗಳು ಕಾಡುಗಿಡಗಳಂತೆ ತಾವಾಗಿಯೇ ಬೆಳೆಯುತ್ತವೆ, ಯಾರೂ ನೆಟ್ಟಿರುವುದಿಲ್ಲ ಎಂಬ ಭಾವನೆ ಅದು.

ಸಾಲೊಮನ್ ಲಿಂಡಾ 1962ರಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡ. ಟೋಕನ್ಸ್ ತಂಡದ ವಿಜಯಕ್ಕೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಅವನ ಬ್ಯಾಂಕ್ ಖಾತೆಯಲ್ಲಿದ್ದ ಹಣ ಇಪ್ಪತ್ತೈದು ಡಾಲರಿಗಿಂತ ಕಡಿಮೆ. ಹೆಂಡತಿ ರೆಜಿನಾ ಗಂಡನ ಸಮಾಧಿಗೆ ಒಂದು ಕಲ್ಲು ನಿಲ್ಲಿಸಲು ಹದಿನೆಂಟು ವರ್ಷ ಬೇಕಾಯಿತು. ಮಕ್ಕಳು ಸೊವೆಟೊದಲ್ಲಿ ಬಡತನದಲ್ಲಿಯೇ ಬೆಳೆದರು. ಅಪ್ಪನ ರಾಗ ರೇಡಿಯೋದಲ್ಲಿ ಬಂದಾಗ ಕೇಳುತ್ತಿದ್ದರು. ಅದರಿಂದ ತಮಗೆ ಏನಾದರೂ ಬರಬೇಕಿತ್ತು ಎಂಬುದು ಅವರಿಗೆ ತಿಳಿದಿರಲಿಲ್ಲ. ಆಗ ಆ ದೇಶದಲ್ಲಿದ್ದುದು ವರ್ಣಭೇದದ ಆಡಳಿತ. ಕರಿಯ ಮನುಷ್ಯನೊಬ್ಬ ವಿದೇಶದ ಕಂಪನಿಯ ಮೇಲೆ ಹಕ್ಕಿನ ಮಾತೆತ್ತುವುದು ಊಹೆಗೂ ನಿಲುಕದ ಸಂಗತಿ.

ಈ ಕಥೆ ಲೋಕದ ಗಮನಕ್ಕೆ ಬಂದದ್ದು 2000ದಲ್ಲಿ. ದಕ್ಷಿಣ ಆಫ್ರಿಕಾದ ಪತ್ರಕರ್ತ ರಿಯಾನ್ ಮಲಾನ್ ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಗೆ ದೀರ್ಘ ಲೇಖನ ಬರೆದ. ‘ಲಯನ್ ಕಿಂಗ್’ ಚಿತ್ರ ಮತ್ತು ನಾಟಕದಲ್ಲಿನ ಬಳಕೆಯಿಂದಲೇ ಈ ಹಾಡು ಸುಮಾರು ಒಂದೂವರೆ ಕೋಟಿ ಡಾಲರ್ ಗೌರವಧನ ಗಳಿಸಿರಬಹುದೆಂದು ಆತ ಅಂದಾಜು ಮಾಡಿದ. ಅದು ಅಂದಾಜು, ಲೆಕ್ಕಪತ್ರವಲ್ಲ. ಆದರೂ ಹತ್ತು ಶಿಲಿಂಗಿನ ಪಕ್ಕದಲ್ಲಿ ಇಟ್ಟು ನೋಡಿದಾಗ ಓದುಗರು ದಂಗಾದರು.

ಆದರೆ ದಾವೆ ಹೂಡುವುದು ಹೇಗೆ? ಹಕ್ಕನ್ನು ಲಿಂಡಾ ಮಾರಿಬಿಟ್ಟಿದ್ದ. ನಂತರ ಅವನ ಹೆಂಡತಿ ಮಕ್ಕಳಿಂದಲೂ ಕಾಗದಪತ್ರಗಳಿಗೆ ಸಹಿ ಹಾಕಿಸಿಕೊಳ್ಳಲಾಗಿತ್ತು. ಆಗ ದಕ್ಷಿಣ ಆಫ್ರಿಕಾದ ಕೃತಿಸ್ವಾಮ್ಯ ಕಾನೂನಿನ ತಜ್ಞ ಓವೆನ್ ಡೀನ್ ಒಂದು ಹಳೆಯ ಕಾನೂನನ್ನು ಹೊರಗೆ ತೆಗೆದರು. ಅದು ಬ್ರಿಟನ್ನಿನ 1911ರ ಕೃತಿಸ್ವಾಮ್ಯ ಕಾಯಿದೆ. ಬ್ರಿಟಿಷ್ ಸಾಮ್ರಾಜ್ಯದ ವಸಾಹತುಗಳಿಗೂ ಅದು ಅನ್ವಯವಾಗಿತ್ತು. ನಮ್ಮ 1914ರ ಭಾರತೀಯ ಕೃತಿಸ್ವಾಮ್ಯ ಕಾಯಿದೆ ಕೂಡ ಅದನ್ನೇ ಆಧರಿಸಿದ್ದು. ಆ ಕಾಯಿದೆಯಲ್ಲಿ ‘ಡಿಕನ್ಸ್ ವಿಧಿ’ ಎಂದು ಕರೆಯಲಾಗುವ ಒಂದು ಅವಕಾಶವಿತ್ತು. ಕೃತಿಕಾರ ತನ್ನ ಹಕ್ಕನ್ನು ಬದುಕಿದ್ದಾಗ ಯಾರಿಗೇ ಮಾರಿರಲಿ, ಆತ ತೀರಿಕೊಂಡು ಇಪ್ಪತ್ತೈದು ವರ್ಷಗಳಾದ ಮೇಲೆ ಆ ಹಕ್ಕು ವಾರಸುದಾರರಿಗೆ ಮರಳುತ್ತದೆ. ಕಷ್ಟಕ್ಕೆ ಸಿಕ್ಕಿ ಚಿಕ್ಕಾಸಿಗೆ ಕೃತಿಯನ್ನು ಮಾರಿಕೊಂಡ ಲೇಖಕರ ಸಂಸಾರಗಳಿಗೆ ಮುಂದೆಯಾದರೂ ನ್ಯಾಯ ಸಿಗಲಿ ಎಂಬುದು ಅದರ ಉದ್ದೇಶ. ಲಿಂಡಾ ತೀರಿದ್ದು 1962ರಲ್ಲಿ. ಇಪ್ಪತ್ತೈದು ಕೂಡಿಸಿದರೆ 1987. ಅಂದರೆ ಹಿಂದೆ ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿದ್ದ ದೇಶಗಳಲ್ಲಿ ಹಾಡಿನ ಹಕ್ಕು 1987ರಲ್ಲಿಯೇ ಅವನ ವಾರಸಿಗೆ ಮರಳಿತ್ತು. ‘ಲಯನ್ ಕಿಂಗ್’ ಬಂದದ್ದು ಅದಾದ ಏಳು ವರ್ಷಕ್ಕೆ.

2004ರಲ್ಲಿ ಡಿಸ್ನಿ ಕಂಪನಿಯ ವಿರುದ್ಧ ದಕ್ಷಿಣ ಆಫ್ರಿಕಾದಲ್ಲಿ ಮೊಕದ್ದಮೆ ಹೂಡಲಾಯಿತು. ಕಂಪನಿ ಇದ್ದದ್ದು ಅಮೆರಿಕದಲ್ಲಿ. ಅದನ್ನು ಸ್ಥಳೀಯ ನ್ಯಾಯಾಲಯದ ವ್ಯಾಪ್ತಿಗೆ ತರಲು ಆ ದೇಶದಲ್ಲಿ ನೋಂದಾಯಿತವಾಗಿದ್ದ ಡಿಸ್ನಿಯ ವ್ಯಾಪಾರ ಮುದ್ರೆಗಳನ್ನು ನ್ಯಾಯಾಲಯದ ಆಜ್ಞೆಯಿಂದ ಜಪ್ತಿ ಮಾಡಿಸಲಾಯಿತು. ಮಿಕ್ಕಿ ಮೌಸ್ ಕೂಡ ಅದರಲ್ಲಿ ಸೇರಿತ್ತು! ಬಡ ಹೆಣ್ಣುಮಕ್ಕಳು ಮೂವರ ಮೊಕದ್ದಮೆಯಲ್ಲಿ ಜಗತ್ಪ್ರಸಿದ್ಧ ಇಲಿಯೊಂದು ಜಪ್ತಿಯಾಯಿತು ಎಂಬ ಸುದ್ದಿ ಎಲ್ಲೆಡೆ ಹರಡಿತು. 2006ರ ಫೆಬ್ರವರಿಯಲ್ಲಿ, ಹಾಡಿನ ಹಕ್ಕು ಹೊಂದಿದ್ದ ಅಬಿಲೀನ್ ಮ್ಯೂಸಿಕ್ ಸಂಸ್ಥೆಯೊಂದಿಗೆ ರಾಜಿಯಾಯಿತು. ಹಿಂದಿನ ಬಾಬ್ತು ಒಂದಿಷ್ಟು ಹಣ, ಮುಂದಿನ ಗಳಿಕೆಯಲ್ಲಿ ಪಾಲು, ಅದನ್ನು ನೋಡಿಕೊಳ್ಳಲು ಒಂದು ಟ್ರಸ್ಟ್, ಇವು ರಾಜಿಯ ಷರತ್ತುಗಳು. ಮೊತ್ತವನ್ನು ಬಹಿರಂಗಪಡಿಸಲಿಲ್ಲ. ಎಲ್ಲಕ್ಕಿಂತ ದೊಡ್ಡದೆಂದರೆ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ‘ಎಂಬೂಬೆ’ಯಿಂದ ಹುಟ್ಟಿದ್ದು ಎಂದು ಒಪ್ಪಿಕೊಂಡು, ಸಾಲೊಮನ್ ಲಿಂಡಾನನ್ನು ಅದರ ಸಹಕರ್ತೃ ಎಂದು ಜಗತ್ತಿನಾದ್ಯಂತ ನಮೂದಿಸಬೇಕೆಂದು ತೀರ್ಮಾನವಾಯಿತು.

ಕಥೆ ಇಲ್ಲಿಗೆ ಸುಖಾಂತವಾಯಿತು ಎನ್ನಬಹುದೇ? ಪೂರ್ತಿಯಾಗಿ ಅಲ್ಲ. ಆ ಒಪ್ಪಂದದ ಅವಧಿ 2017ರಲ್ಲಿ ಮುಗಿಯಿತು. 2019ರಲ್ಲಿ ಬಂದ ‘ದಿ ಲಯನ್ಸ್ ಶೇರ್’ ಎಂಬ ಸಾಕ್ಷ್ಯಚಿತ್ರದಲ್ಲಿ, ತಮ್ಮ ಕೈಗೆ ಬಂದ ಹಣ ತೀರ ಕಡಿಮೆ ಎಂದು ಲಿಂಡಾನ ಮಕ್ಕಳು ಹೇಳಿಕೊಂಡರು. ಅದೇ 2019ರಲ್ಲಿ ‘ಲಯನ್ ಕಿಂಗ್’ ಚಿತ್ರ ಹೊಸದಾಗಿ ತಯಾರಾಗಿ ಬಂತು. ಅದರಲ್ಲಿಯೂ ಈ ಹಾಡು ಇತ್ತು. ತಡವಾಗಿ ಬಂದ ನ್ಯಾಯ ನ್ಯಾಯವೇ, ಆದರೆ ಕಳೆದುಹೋದ ವರ್ಷಗಳನ್ನು ಅದು ತಂದುಕೊಡಲಾರದು.

ಈ ಪ್ರಸಂಗದಲ್ಲಿ ನಮಗೂ ಸಂಬಂಧಿಸಿದ ಪಾಠವಿದೆ. ಒಂದಷ್ಟು ಹಣ ಕೊಟ್ಟು, ಮುಂದಿನ ಎಲ್ಲ ಹಕ್ಕನ್ನೂ ಬರೆಸಿಕೊಳ್ಳುವುದು ನಮ್ಮ ಚಲನಚಿತ್ರ ಮತ್ತು ಧ್ವನಿಮುದ್ರಣ ಉದ್ಯಮದಲ್ಲಿಯೂ ಬಹುಕಾಲ ನಡೆದುಬಂದ ರೂಢಿ. ರಾಜ್ಯಸಭೆಯಲ್ಲಿ ಕವಿ ಜಾವೇದ್ ಅಖ್ತರ್ ಮೊದಲಾದವರು ಇದರ ವಿರುದ್ಧ ದನಿಯೆತ್ತಿದರು. 2012ರಲ್ಲಿ ಸಂಸತ್ತು ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ತಂದಿತು. ಗೀತೆ ಬರೆದವರು ಮತ್ತು ಸಂಗೀತ ಸಂಯೋಜಿಸಿದವರು ಗೌರವಧನದಲ್ಲಿ ತಮಗೆ ಸಲ್ಲುವ ಸಮಪಾಲನ್ನು, ತಾವೇ ಸಹಿ ಹಾಕಿದರೂ ಕಂಪನಿಗೆ ಬಿಟ್ಟುಕೊಡುವಂತಿಲ್ಲ ಎಂದಾಯಿತು. 1911ರ ಕಾನೂನು ಕೃತಿಕಾರ ಸತ್ತ ಮೇಲೆ ಅವನ ಮಕ್ಕಳನ್ನು ಕಾಪಾಡಲು ಹೊರಟಿತ್ತು. ನಮ್ಮ ತಿದ್ದುಪಡಿ ಬದುಕಿರುವಾಗಲೇ ಕಾಪಾಡಲು ಹೊರಟಿದೆ. ಇದು ಒಳ್ಳೆಯದೇ. ಆದರೆ ಕಾನೂನು ಕಾಪಾಡುವುದು ಹೆಸರು ದಾಖಲಾದವರನ್ನು ಮಾತ್ರ. ಹಳ್ಳಿಯ ಹಾಡುಗಾರ್ತಿಯೊಬ್ಬಳು ತಾನೇ ಕಟ್ಟಿದ ಪದವನ್ನು ಯಾರೋ ಮುದ್ರಿಸಿಕೊಂಡು ಹೋಗಿ ‘ಜನಪದ’ ಎಂದು ಬರೆದುಬಿಟ್ಟರೆ ಅವಳನ್ನು ಯಾವ ಕಾಯಿದೆಯೂ ಹುಡುಕಿಕೊಂಡು ಹೋಗದು. ಜನಪದ ಎಂಬುದು ಗೌರವದ ಮಾತು. ಆದರೆ ಕರ್ತೃ ಯಾರೆಂದು ವಿಚಾರಿಸುವ ಶ್ರಮ ತಪ್ಪಿಸಿಕೊಳ್ಳಲು ಅದನ್ನು ಬಳಸಿದಾಗ ಅದೇ ಮಾತು ಅನ್ಯಾಯಕ್ಕೆ ದಾರಿಯಾಗುತ್ತದೆ.

ನಮ್ಮ ವಚನಕಾರರೂ ಹರಿದಾಸರೂ ತಮ್ಮ ರಚನೆಯಲ್ಲಿ ಅಂಕಿತವನ್ನು ಇಡುತ್ತಿದ್ದರು. ಅದು ಅವರು ತಮ್ಮ ಇಷ್ಟದೈವಕ್ಕೆ ಸಲ್ಲಿಸಿದ ಭಕ್ತಿ. ಹಣದ ಆಸೆಯಾಗಲಿ ಹಕ್ಕ‌ಿನ ಯೋಚನೆಯಾಗಲಿ ಅದರಲ್ಲಿರಲಿಲ್ಲ. ಆದರೂ ಅದರಿಂದ ಇನ್ನೊಂದು ಉಪಕಾರವಾಯಿತು. ಶತಮಾನಗಳ ಕಾಲ ಬಾಯಿಂದ ಬಾಯಿಗೆ ಸಾಗಿದರೂ ಅಂಕಿತ ಹಾಡಿನ ಒಳಗೇ ಇದ್ದುದರಿಂದ ಇದು ಇಂಥವರದ್ದು ಎಂದು ಇಂದಿಗೂ ಗುರುತಿಸಬಹುದು. ಸಾಲೊಮನ್ ಲಿಂಡಾನ ಹಾಡಿನೊಳಗೆ ಅಂಥ ಗುರುತು ಇರಲಿಲ್ಲ. ಅವನ ಹೆಸರು ಇದ್ದದ್ದು ತಟ್ಟೆಯ ಕಾಗದದ ಮೇಲೆ; ರಾಗ ಸಮುದ್ರ ದಾಟಿತು, ಕಾಗದ ಹಿಂದೆ ಉಳಿಯಿತು. ಇನ್ನು ಮೇಲೆ ಆ ಹಾಡು ಕಿವಿಗೆ ಬಿದ್ದಾಗ, ಮಕ್ಕಳು ಯಾರ ಹಾಡು ಎಂದು ಕೇಳಿದರೆ, ಸಿನಿಮಾದ ಹೆಸರನ್ನೂ ಟೋಕನ್ಸ್ ತಂಡದ ಹೆಸರನ್ನೂ ಹೇಳೋಣ. ಅದಕ್ಕೂ ಮೊದಲು, ಜುಲು ನಾಡಿನ ದನಗಾಹಿ ಹುಡುಗ ಸಾಲೊಮನ್ ಲಿಂಡಾನ ಹಾಡು ಎಂದು ಹೇಳೋಣ.